ಬರೆಯಲಿಕ್ಕೆ ಎಂತ ಉಂಟು ಉಸ್ತಾದ್?

ಕಳೆದ ತಿಂಗಳು ಮದ್ರಸ ಬಿಟ್ಟು ಮನೆಗೆ ಹೊರಟಿದ್ದಾಗ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ದಾರಿಯಲ್ಲಿ ಸಿಕ್ಕಿದಳು. ಈಗ ಪಿಯುಸಿ ಓದುತ್ತಿದ್ದಾಳೆ. ಎರಡು ವರ್ಷದ ಹಿಂದೆ ಆಕೆ ತನ್ನ ಅಜ್ಜಿ ಕುಂಞಿ ಪಿಂಡಿ ಮಾಡುವ ಬಗ್ಗೆ ಒಂದು ಪುಟ್ಟ ಲೇಖನ ಬರೆದಿದ್ದಳು. ಅದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಮನೆಯವರು ಆ ಪುಟವನ್ನು ಕತ್ತರಿಸಿ ಶೋಕೇಸಿನಲ್ಲಿ ಇಟ್ಟಿದ್ದರು, ಬಂದ ನೆಂಟರಿಗೆಲ್ಲ ತೋರಿಸಿದ್ದರು. "ಮತ್ತೆ ಎಂತ ಬರೆದಿ ಮೋಳೇ?" ಎಂದು ಕೇಳಿದೆವು. ಆಕೆ ನಕ್ಕು ತಲೆ ತಗ್ಗಿಸಿದಳು. "ಬರೆಯಲಿಕ್ಕೆ ಎಂತ ಉಂಟು ಉಸ್ತಾದ್? ಇದ್ದದ್ದನ್ನು ಬರೆದಾಯ್ತು" ಎಂದಳು.

ಆ ಮಾತು ನಮ್ಮನ್ನು ಮನೆಯ ತನಕ ಹಿಂಬಾಲಿಸಿತು. ಯಾಕೆಂದರೆ ಇದೇ ಮಾತನ್ನು ನಾವೂ ಎಷ್ಟೋ ಸಲ ಹೇಳಿದ್ದೇವೆ. ನಮ್ಮ ಊರುಗಳಲ್ಲಿ ಒಂದು ಲೇಖನ ಬರೆದು ನಿಲ್ಲಿಸಿದವರು ಎಷ್ಟು ಮಂದಿ ಇಲ್ಲ? ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಂದು, ಯಾವುದೋ ಸಂಘದ ಸ್ಮರಣ ಸಂಚಿಕೆಯಲ್ಲಿ ಇನ್ನೊಂದು, ಅಲ್ಲಿಗೆ ಮುಗಿಯಿತು. ಅವರಿಗೆ ಭಾಷೆ ಬರುವುದಿಲ್ಲ ಎಂದಲ್ಲ. ಬುದ್ಧಿ ಇಲ್ಲ ಎಂದೂ ಅಲ್ಲ. ವಿಷಯ ಸಿಗುವುದಿಲ್ಲ, ಸಿಕ್ಕಿದರೆ ಸಮಯ ಇಲ್ಲ, ಸಮಯ ಇದ್ದರೆ ಮನಸ್ಸಿಲ್ಲ. ಈ ಮೂರು 'ಇಲ್ಲ'ಗಳ ಬಗ್ಗೆ ನಮಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ. ನಾವು ದೊಡ್ಡ ಸಾಹಿತಿ ಅಲ್ಲ. ಮಕ್ಕಳಿಗೆ ಪಾಠ ಹೇಳಿಕೊಂಡು, ವಾರಕ್ಕೆ ಎರಡು ಪುಟ ಬರೆದುಕೊಂಡು ಇರುವವರು. ಆದರೆ ಬಿಟ್ಟು ಹೋಗಿ ಮತ್ತೆ ಹಿಡಿದವರು. ಆ ಅನುಭವ ಇನ್ನೊಬ್ಬರಿಗೆ ಉಪಕಾರ ಆದೀತು.

ನಾವು ಬರೆಯಲು ಕಲಿತದ್ದು ಶಾಲೆಯಲ್ಲಿ ಅಲ್ಲ, ನೆರೆಮನೆಯ ಜಗಲಿಯಲ್ಲಿ. ನಮಗೆ ಆಗ ಹನ್ನೆರಡು ವರ್ಷ. ಪಕ್ಕದ ಮನೆಯವರ ಗಂಡ ಸೌದಿಯಲ್ಲಿದ್ದರು. ಅವರನ್ನು ನಾವು ಮಾಮಿ ಎಂದೇ ಕರೆಯುತ್ತಿದ್ದೆವು. ಮಾಮಿಗೆ ಕುರ್‌ಆನ್ ಓದಲು ಚೆನ್ನಾಗಿ ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅಂದಿನ ಎಷ್ಟೋ ಮನೆಗಳಲ್ಲಿ ಹಾಗೆಯೇ ಇತ್ತು. ಪ್ರತಿ ಶುಕ್ರವಾರ ಅಸರ್ ನಮಾಝಿನ ನಂತರ ಅವರು ನಮ್ಮನ್ನು ಕರೆದು ಕೂರಿಸಿ ಕಾಗದ ಬರೆಸುತ್ತಿದ್ದರು. ಕೆಂಪು ನೀಲಿ ಅಂಚಿನ ಏರ್‌ಮೇಲ್ ಕವರು, ತೆಳ್ಳಗಿನ ಹಾಳೆ. ಅವರು ಹೇಳುವುದು ಬ್ಯಾರಿಯಲ್ಲಿ, ನಾವು ಬರೆಯುವುದು ಕನ್ನಡ ಲಿಪಿಯಲ್ಲಿ. ಬರೆದರೆ ಒಂದು ತುಂಡು ಬೆಲ್ಲ ಅಥವಾ ಸೌದಿಯ ಚಾಕಲೇಟು ಸಿಗುತ್ತಿತ್ತು.

ಪ್ರತಿ ಶುಕ್ರವಾರವೂ ಮಾಮಿ ಶುರು ಮಾಡುವುದು ಒಂದೇ ರೀತಿ. "ಎಂತ ಬರೆಯುವುದು ಮೋನೇ, ಇಲ್ಲಿ ಎಲ್ಲ ಕ್ಷೇಮ ಅಂತ ಬರಿ. ಬೇರೆ ಎಂತ ಉಂಟು?" ಒಂದು ಗೆರೆಗೆ ಕಾಗದ ಮುಗಿದರೆ ನಮ್ಮ ಚಾಕಲೇಟು ಹೋದಂತೆ ಎಂಬ ಭಯಕ್ಕೆ ನಾವು ಕೇಳುತ್ತಿದ್ದೆವು. "ಬಾವಿಯಲ್ಲಿ ನೀರು ಉಂಟಾ ಮಾಮಿ?" ಅಷ್ಟು ಸಾಕು. "ಅದೇ ಹೇಳಿ ಬರಿ, ನೀರು ತಳ ಕಂಡಿದೆ, ಹಗ್ಗ ಹಳತಾಗಿ ಮೊನ್ನೆ ತುಂಡಾಗಿ ಕೊಡಪಾನ ಕೆಳಗೆ ಬಿದ್ದಿದೆ, ತೆಗೆಯಲಿಕ್ಕೆ ಇವರ ತಮ್ಮ ಇಳಿದರು..." ಬಾವಿಯಿಂದ ಹಗ್ಗ, ಹಗ್ಗದಿಂದ ಮೈದುನ, ಮೈದುನನಿಂದ ಅವನ ಮದುವೆ ಮಾತುಕತೆ. ಅರ್ಧ ಗಂಟೆಯಲ್ಲಿ ಎರಡು ಹಾಳೆ ತುಂಬಿ ಅಂಚಿನಲ್ಲಿ ಅಡ್ಡಕ್ಕೆ ಬರೆಯಬೇಕಾಗುತ್ತಿತ್ತು. ಹೀಗೆ ವಾರಕ್ಕೊಂದು ಕಾಗದ, ನಾಲ್ಕು ವರ್ಷ. ಒಂದು ವಾರವೂ 'ವಿಷಯ ಇಲ್ಲ' ಎಂದು ನಿಂತದ್ದು ನಮಗೆ ನೆನಪಿಲ್ಲ.

ಈಗ ಯೋಚಿಸಿದರೆ ಬರವಣಿಗೆಯ ಪಾಠವೆಲ್ಲ ಆ ಜಗಲಿಯಲ್ಲಿತ್ತು. ಒಂದನೆಯದು, ದಿನ ನಿಗದಿಯಾಗಿತ್ತು. ಎರಡನೆಯದು, ಓದುವವರು ಯಾರೆಂದು ಗೊತ್ತಿತ್ತು. ಮೂರನೆಯದು, 'ವಿಷಯ ಎಂತ' ಎಂದು ಕೇಳುವ ಬದಲು ಒಂದು ಸಣ್ಣ ಪ್ರಶ್ನೆ ಕೇಳುತ್ತಿದ್ದೆವು. ವಿಷಯ ಇಲ್ಲ ಎಂದು ಹೇಳುವವರಿಗೆ ನಿಜವಾಗಿ ಇಲ್ಲದಿರುವುದು ಕೇಳುವವರು. ನಮ್ಮನ್ನು ನಾವೇ ಕೇಳಿಕೊಳ್ಳಲು ಕಲಿತರೆ ಅರ್ಧ ಕೆಲಸ ಆಯಿತು.

"ಬಾವಿ, ಹಗ್ಗ, ಕೊಡಪಾನ, ಇದೆಲ್ಲ ಒಂದು ಲೇಖನವಾ? ಯಾರು ಓದುತ್ತಾರೆ?" ಎಂದು ಕೆಲವರು ಕೇಳಬಹುದು. ಅವರಿಗೆ ಇಬ್ನ್ ಬತೂತರ ಕತೆ ಹೇಳಬೇಕು. ಮೊರಾಕ್ಕೊದ ಟ್ಯಾಂಜಿಯರ್‌ನಿಂದ 1325ರಲ್ಲಿ ಹಜ್ಜಿಗೆಂದು ಹೊರಟ ಆ ಮನುಷ್ಯ ಸುತ್ತಿ ಸುತ್ತಿ 1340ರ ದಶಕದಲ್ಲಿ ನಮ್ಮ ಕರಾವಳಿಗೂ ಬಂದರು. ನಮ್ಮ ಮಂಗಳೂರನ್ನು ಅವರು 'ಮಂಜರೂರ್' ಎಂದು ಕರೆದಿದ್ದಾರೆ. ಫಾರಿಸ್ ಮತ್ತು ಯಮನಿನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಇಲ್ಲಿ ಹೇರಳ, ಪೇಟೆಯ ಬದಿಯಲ್ಲಿ ಸುಮಾರು 4,000 ಮುಸ್ಲಿಮರು ವಾಸವಿದ್ದಾರೆ ಎಂದು ದಾಖಲಿಸಿದ್ದಾರೆ. ಮಲಬಾರಿನ ದಾರಿಯಲ್ಲಿ ಅರ್ಧರ್ಧ ಮೈಲಿಗೆ ಒಂದು ಮರದ ತಂಗುಮನೆ, ಪಕ್ಕದಲ್ಲಿ ಬಾವಿ ಇರುತ್ತಿತ್ತು ಎಂಬುದನ್ನೂ ಅವರು ಬಿಟ್ಟಿಲ್ಲ. ಹಿಂದುಸ್ಥಾನದ ಹಲಸಿನ ಹಣ್ಣಿನ ಬಗ್ಗೆ ಬರೆಯುವಾಗ, ಮರದ ಬುಡದಲ್ಲಿ ನೆಲಕ್ಕೆ ತಾಗಿ ಬಿಡುವ ಹಣ್ಣೇ ಹೆಚ್ಚು ಸಿಹಿ ಎಂಬಲ್ಲಿಯವರೆಗೆ ಬರೆದಿದ್ದಾರೆ.

ನೋಡಿ, ದೆಹಲಿ ಸುಲ್ತಾನನ ದರ್ಬಾರಿನಲ್ಲಿ ಖಾಝಿಯಾಗಿದ್ದವರು ಅವರು. ಅವರಿಗೆ ಹಲಸು, ಬಾವಿ, ಶುಂಠಿ ಸಣ್ಣ ವಿಷಯ ಅನ್ನಿಸಲಿಲ್ಲ. ಅವರು ಆ ನಾಲ್ಕು ಗೆರೆ ಹೇಳದೆ ಹೋಗಿದ್ದರೆ ಸುಮಾರು 680 ವರ್ಷದ ಹಿಂದೆ ಮಂಗಳೂರಿನಲ್ಲಿ ಎಷ್ಟು ಮುಸ್ಲಿಮರು ಇದ್ದರು ಎಂದು ಕೇಳಿದಾಗ ನಾವು ಯಾವ ಪುಟ ತೋರಿಸುತ್ತಿದ್ದೆವು? ಅಂದು ಇಲ್ಲೇ ಹುಟ್ಟಿ ಇಲ್ಲೇ ತೀರಿಕೊಂಡವರು ಸಾವಿರಾರು ಮಂದಿ. ಅವರಿಗೆ ಈ ಊರು ಇಬ್ನ್ ಬತೂತರಿಗಿಂತ ನೂರು ಪಾಲು ಹೆಚ್ಚು ಗೊತ್ತಿತ್ತು. ಆದರೆ ನಮ್ಮ ಕೈಗೆ ಸಿಕ್ಕಿದ್ದು ದಾರಿಹೋಕರೊಬ್ಬರು ಹೇಳಿದ ನಾಲ್ಕು ಗೆರೆ.

ಅವರ ಇನ್ನೊಂದು ಸಂಗತಿಯನ್ನೂ ಬರೆಯುವವರು ನೆನಪಿಡಬೇಕು. ಬುಖಾರಾದಲ್ಲಿ ವಿದ್ವಾಂಸರ ಕಬರ್‌ಗಳ ಮೇಲಿನ ಬರಹಗಳನ್ನು ಅವರು ನಕಲು ಮಾಡಿಕೊಂಡಿದ್ದರು. ಮುಂದೆ ಸಮುದ್ರದಲ್ಲಿ ಕಳ್ಳರು ದೋಚಿದಾಗ ಆ ಹಾಳೆಗಳೂ ಹೋದವು. ಕೊನೆಗೆ ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳುತ್ತಾ ಹೋದರು, ಇಬ್ನ್ ಜುಝೈ ಎಂಬವರು ಬರೆದುಕೊಂಡರು. ಆ ಗ್ರಂಥ 1355ರಲ್ಲಿ ಮುಗಿಯಿತು. ಅವರ ನೆನಪು ದೊಡ್ಡದು. ನಮ್ಮದು ಹಾಗಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಹೊಳೆದದ್ದು ಸಂಜೆಗೆ ಇರುವುದಿಲ್ಲ. ಆದ್ದರಿಂದ ಮೊದಲ ಸಲಹೆ: ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ ಇರಲಿ. ಅಡುಗೆ ಮನೆಯಲ್ಲಿ ಇರುವವರು ಕ್ಯಾಲೆಂಡರಿನ ಹಿಂಬದಿಯಲ್ಲೇ ಬರೆಯಿರಿ. ಹೊಳೆದದ್ದನ್ನು ಪೂರ್ತಿ ಬರೆಯಬೇಕೆಂದಿಲ್ಲ. 'ಬಾವಿ ಹಗ್ಗ' ಎಂದು ಎರಡು ಶಬ್ದ ಸಾಕು, ಉಳಿದದ್ದು ಆಮೇಲೆ ಬರುತ್ತದೆ.

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೂ ನಮ್ಮ ಮಂಗಳೂರಿನಲ್ಲೇ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತಂದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯ ಪುಟ ತುಂಬಿಸಲು ಅವರೇನು ಮಾಡಿದರು? ಊರ ವರ್ತಮಾನ ಹಾಕಿದರು, ಸರಕಾರದ ನಿರೂಪ ಹಾಕಿದರು, ಕತೆ ಹಾಕಿದರು, ದಾಸರ ಪದ ಹಾಕಿದರು. ಅಂದರೆ ಸುತ್ತಮುತ್ತ ಇದ್ದದ್ದನ್ನೇ ಹೆಕ್ಕಿದರು. ಜರ್ಮನಿಯಿಂದ ಬಂದವರಿಗೆ ನಮ್ಮ ಊರಿನಲ್ಲಿ ಪುಟ ತುಂಬುವಷ್ಟು ವಿಷಯ ಸಿಕ್ಕಿತು. ಇಲ್ಲೇ ಹುಟ್ಟಿದ ನಮಗೆ ಸಿಗುವುದಿಲ್ಲ ಎಂದರೆ ಕಣ್ಣು ಎಲ್ಲಿದೆ ಎಂದು ಕೇಳಬೇಕಾಗುತ್ತದೆ.

ಸರಿ, ಎಲ್ಲಿ ಹುಡುಕುವುದು? ನಾವು ಮಾಡುವುದನ್ನು ಹೇಳುತ್ತೇವೆ. ವಾರಕ್ಕೊಮ್ಮೆ ನಾವು ಐದು ಪ್ರಶ್ನೆ ಕೇಳಿಕೊಳ್ಳುತ್ತೇವೆ.

ಒಂದು, ಈ ವಾರ ಯಾರಾದರೂ ನಮ್ಮಲ್ಲಿ ಎಂತ ಕೇಳಿದರು? ಮಕ್ಕಳು, ನೆರೆಯವರು, ಅಂಗಡಿಯವರು ಕೇಳಿದ ಪ್ರಶ್ನೆಯೇ ವಿಷಯ. ಒಬ್ಬರಿಗೆ ಬಂದ ಸಂಶಯ ನೂರು ಮಂದಿಗೆ ಇರುತ್ತದೆ. ಈ ಲೇಖನವೂ ಹಾಗೆಯೇ ಹುಟ್ಟಿದ್ದು, ದಾರಿಯಲ್ಲಿ ಆ ಹುಡುಗಿ ಕೇಳಿದ ಒಂದು ಪ್ರಶ್ನೆಯಿಂದ.

ಎರಡು, ನಮ್ಮ ಮನೆಯಲ್ಲಿ ಇದ್ದು ಈಗ ಇಲ್ಲದ್ದು ಯಾವುದು? ಕಡೆಯುವ ಕಲ್ಲು, ಚಿಮಿಣಿ ದೀಪ, ಗಲ್ಫಿನಿಂದ ಬರುತ್ತಿದ್ದ ಕ್ಯಾಸೆಟಿನ ಮಾತು, ಹಗ್ಗ ಬಿಗಿದು ಹೆಸರು ಬರೆದ ಪೆಟ್ಟಿಗೆ. ಅದು ಯಾವಾಗ ಹೋಯಿತು, ಅದರ ಜಾಗಕ್ಕೆ ಎಂತ ಬಂತು, ಅದು ಹೋದದ್ದರಿಂದ ಯಾರಿಗೆ ಸುಲಭ ಆಯಿತು, ಯಾರಿಗೆ ನಷ್ಟ ಆಯಿತು? ಇಷ್ಟು ಬರೆದರೆ ಒಂದು ಲೇಖನ.

ಮೂರು, ಮಕ್ಕಳಿಗೆ ಅರ್ಥವಾಗದ ನಮ್ಮ ಮಾತು ಯಾವುದು? ಮೊನ್ನೆ ತರಗತಿಯಲ್ಲಿ 'ಉಪ್ಪುಸೊಳೆ' ಎಂದೆವು. ಇಪ್ಪತ್ತೆರಡು ಮಕ್ಕಳಲ್ಲಿ ನಾಲ್ಕು ಮಕ್ಕಳಿಗೆ ಮಾತ್ರ ಗೊತ್ತಿತ್ತು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಮಳೆಗಾಲಕ್ಕೆ ಇಡುವುದನ್ನು ಉಳಿದವರು ನೋಡಿಯೇ ಇಲ್ಲ. ವಸ್ತು ಹೋದರೆ ಶಬ್ದ ಹೋಗುತ್ತದೆ. ಬ್ಯಾರಿ ಮಾತಿನ ಕತೆ ಇನ್ನೂ ಕಷ್ಟ. ಅದು ಮನೆಯ ಬಾಯಿಯಲ್ಲಿ ಬದುಕಿದ ಭಾಷೆ, ಪುಸ್ತಕದಲ್ಲಿ ಬೆಳೆದದ್ದು ಕಡಿಮೆ. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಅಕಾಡೆಮಿ ಒಂದೇ ಎಷ್ಟು ಬರೆದೀತು? ನಿಮ್ಮ ಅಜ್ಜಿ ಹೇಳುವ ಒಂದು ಮಾತನ್ನು, ಆಕೆ ಯಾವ ಸಂದರ್ಭದಲ್ಲಿ ಹೇಳುತ್ತಾರೆ ಎಂಬುದರ ಜೊತೆ ಬರೆದಿಡಲು ನಿಮಗಲ್ಲದೆ ಬೇರೆ ಯಾರಿಗೂ ಸಾಧ್ಯವಿಲ್ಲ.

ನಾಲ್ಕು, ನಾವು ದಿನಾ ನೋಡುವ ಕೆಲಸ ನಡೆಯುವುದು ಹೇಗೆ? ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಸಮುದ್ರಕ್ಕಿಳಿಯಲು ನಿಷೇಧ. ಬೂತಾಯಿ, ಬಂಗುಡೆಗೆ ಕ್ರಯ ಏರಿತು ಎಂದು ನಾವೆಲ್ಲ ಗೊಣಗುತ್ತೇವೆ. ಆದರೆ ಆ ಎರಡು ತಿಂಗಳು ದಕ್ಕೆಯಲ್ಲಿ ಮಂಜುಗಡ್ಡೆ ಹೊಡೆಯುವವರು, ಬುಟ್ಟಿ ಹೊರುವವರು, ಸೈಕಲ್ಲಿನಲ್ಲಿ ಮೀನು ಮಾರುವವರು ಎಂತ ಮಾಡುತ್ತಾರೆ? ಹೋಗಿ ಕೇಳಿದ್ದೀರಾ? ಕೆಂಪುಕಲ್ಲು ಕಟ್ಟುವ ಮೇಸ್ತ್ರಿ, ಅಡಿಕೆ ಸುಲಿಯುವವರು, ಮದುವೆ ಮನೆಯ ಬಿರಿಯಾನಿ ಭಂಡಾರಿ, ಒಬ್ಬೊಬ್ಬರಲ್ಲೂ ಒಂದೊಂದು ಲೇಖನ ಕೂತಿದೆ.

ಐದು, ಈ ವಾರ ನಮ್ಮ ಮನಸ್ಸಿಗೆ ಚುಚ್ಚಿದ್ದು ಯಾವುದು? ಕೋಪವೂ ವಿಷಯವೇ. ಆದರೆ ಕೋಪ ಬಂದ ದಿನ ಪುಸ್ತಕದಲ್ಲಿ ಬರೆದಿಡಿ, ನಾಲ್ಕು ದಿನ ಬಿಟ್ಟು ಲೇಖನ ಬರೆಯಿರಿ. ಕೋಪ ಇಳಿದ ಮೇಲೂ ಹೇಳಬೇಕು ಅನ್ನಿಸಿದರೆ ಅದು ಹೇಳಬೇಕಾದದ್ದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮದು ಸಣ್ಣ ಸಮಾಜ. ಯಾರ ಮಗಳು, ಯಾರ ಸೊಸೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನೆರೆಮನೆಯ ಜಗಳ, ಸಂಬಂಧಿಕರ ಸಾಲ, ಯಾರದೋ ಕಾಯಿಲೆ, ಇವು ನಮ್ಮ ಕಣ್ಣಿಗೆ ಬಿದ್ದ ಮಾತ್ರಕ್ಕೆ ನಮ್ಮ ಸ್ವತ್ತಾಗುವುದಿಲ್ಲ. ಹೆಸರು ಬಿಟ್ಟರೆ ಸಾಲದು, ಗುರುತು ಸಿಗುವ ಹಾಗೆಯೂ ಬರೆಯಬಾರದು. ಸಾಧ್ಯವಾದರೆ ಅವರ ಒಪ್ಪಿಗೆ ಕೇಳಬೇಕು. ವಿಷಯ ಸಿಕ್ಕಿತು ಎಂಬ ಖುಷಿಯಲ್ಲಿ ಒಂದು ಮನೆಯ ಮಾನ ಕಳೆದರೆ ಆ ಬರಹದಿಂದ ಯಾರಿಗೂ ಗುಣವಿಲ್ಲ.

ಇನ್ನು ಎರಡನೆಯ 'ಇಲ್ಲ', ಸಮಯ. ಇದಕ್ಕೆ ಉತ್ತರ ನಮ್ಮ ಉಮ್ಮನ ಬೀಡಿ ಸೂಪಿನಲ್ಲಿ ಇತ್ತು. ಐದು ಮಕ್ಕಳು, ಒಂದು ದನ, ಅತ್ತೆ ಮಾವ ಇದ್ದ ಮನೆ. ಅದರ ನಡುವೆ ಉಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಫೀಸು, ಹೆಣ್ಣುಮಕ್ಕಳ ಕಿವಿಯ ಚಿನ್ನ ಎಲ್ಲ ಬಂದದ್ದು ಆ ಸೂಪಿನಿಂದಲೇ. ಉಮ್ಮ ಹಗಲು ಬೀಡಿಗೆ ಕೂತು 'ಇನ್ನು ಎಲೆ ಎಲ್ಲಿ' ಎಂದು ಹುಡುಕುತ್ತಿರಲಿಲ್ಲ. ಎಲೆಯನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಒಣ ಎಲೆಯನ್ನು ಸುತ್ತಲು ಹೋದರೆ ಒಡೆಯುತ್ತದೆ. ನೆನೆದ ಎಲೆ ಹೇಳಿದ ಹಾಗೆ ಕೇಳುತ್ತದೆ. ಬೆಳಿಗ್ಗೆ ಅನ್ನ ಬೇಯುವ ಹೊತ್ತಿನಲ್ಲಿ ಕತ್ತರಿಸುವುದು, ಮಧ್ಯಾಹ್ನ ಮಗು ಮಲಗಿದಾಗ ಸುತ್ತುವುದು, ರಾತ್ರಿ ಮಾತಾಡುತ್ತಾ ನೂಲು ಕಟ್ಟುವುದು. ಮರುದಿನ ಬ್ರಾಂಚಿಗೆ ಲೆಕ್ಕ ಕೊಡಲೇಬೇಕು. 'ಇಂದು ಮೂಡ್ ಇಲ್ಲ' ಎಂಬ ಮಾತು ನಾವು ಉಮ್ಮನ ಬಾಯಿಯಿಂದ ಕೇಳಿದ್ದಿಲ್ಲ.

ಬರವಣಿಗೆಯೂ ಹೀಗೆ ತುಂಡು ತುಂಡಾಗಿ ಆಗುವ ಕೆಲಸ. ಕೂತಲ್ಲಿಂದ ಏಳದೆ ಒಂದೇ ಸಲ ಬರೆದು ಮುಗಿಸಬೇಕು ಎಂದು ಕಾದರೆ ಆ ಹೊತ್ತು ನಮ್ಮಂಥವರಿಗೆ ಬರುವುದೇ ಇಲ್ಲ. ಎಲೆ ನೆನೆಸಿದ ಹಾಗೆ ವಿಷಯವನ್ನು ಮೊದಲೇ ನೆನೆಸಿಡಿ. ಸೋಮವಾರ ಒಂದು ವಿಷಯ ಆರಿಸಿ ಮನಸ್ಸಿನಲ್ಲಿ ಹಾಕಿಕೊಳ್ಳಿ. ಎರಡು ದಿನ ಅದರ ಬಗ್ಗೆ ಯಾರಲ್ಲಾದರೂ ಮಾತಾಡಿ, ಕೇಳಿ, ನೆನಪಾದದ್ದನ್ನು ಗೀಚಿ. ಆಮೇಲೆ ಬರೆಯಲು ಕೂತರೆ ಕೈ ಓಡುತ್ತದೆ. ನಮಗೆ ಶುಕ್ರವಾರ ಮದ್ರಸಕ್ಕೆ ರಜೆ. ಹಾಗಾಗಿ ಗುರುವಾರ ಇಶಾ ನಮಾಝಿನ ನಂತರ ಒಂದು ಗಂಟೆ ಬರವಣಿಗೆಗೆ ಇಟ್ಟಿದ್ದೇವೆ. ಮನೆಯವರಿಗೂ ಅದು ಗೊತ್ತು. ಬರೆಯಲು ಆಗದಿದ್ದರೂ ಆ ಒಂದು ಗಂಟೆ ಅದೇ ಮೇಜಿನ ಮುಂದೆ ಕೂರುತ್ತೇವೆ. ಕೆಲವು ಗುರುವಾರ ಅರ್ಧ ಪುಟ ಮಾತ್ರ ಆಗಿದೆ. ಕೆಲವು ಸಲ ಮೂರು ಪುಟ ಬಂದಿದೆ. ಸಣ್ಣದಾದರೂ ಬಿಡದೆ ಮಾಡುವ ಕೆಲಸ ಮೇಲು ಎಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರಲ್ಲ, ಅದು ಬರೆಯುವ ಕೆಲಸಕ್ಕೂ ಸಲ್ಲುತ್ತದೆ.

ಇನ್ನೂ ಎರಡು ಉಪಾಯ ಉಂಟು. ಒಂದು, ಒಂದು ಲೇಖನ ಕಳುಹಿಸುವ ಮೊದಲೇ ಮುಂದಿನದ್ದರ ಎರಡು ಗೆರೆ ಬರೆದಿಡಿ. ಖಾಲಿ ಹಾಳೆಗಿಂತ ಎರಡು ಗೆರೆಯ ಹಾಳೆಗೆ ಹೆದರಿಕೆ ಕಡಿಮೆ. ಇನ್ನೊಂದು, ಗೋಡೆಯ ಕ್ಯಾಲೆಂಡರು ತೆಗೆದು ಹನ್ನೆರಡು ತಿಂಗಳಿಗೆ ಹನ್ನೆರಡು ವಿಷಯ ಗುರುತು ಮಾಡಿ. ಜೂನಿನಲ್ಲಿ ಶಾಲೆ ಶುರು, ಜುಲೈಯಲ್ಲಿ ಮಳೆ ಮತ್ತು ಗಲ್ಫಿನಿಂದ ರಜೆಗೆ ಬರುವವರು, ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲಿನಲ್ಲಿ ಬಾವಿ ಬತ್ತುವುದು. ಇವು ಪ್ರತಿ ವರ್ಷ ಬರುತ್ತವೆ, ಹೇಳದೆ ಬರುವುದಿಲ್ಲ. ಹನ್ನೆರಡು ವಿಷಯ ಕೈಯಲ್ಲಿದ್ದರೆ ಉಳಿದವು ತಾವಾಗಿ ಬಂದು ಸೇರುತ್ತವೆ.

ಮೂರನೆಯ 'ಇಲ್ಲ' ಅತ್ಯಂತ ಕಷ್ಟದ್ದು. ಮನಸ್ಸಿಲ್ಲ. ಇದನ್ನು ಹೇಳುವಾಗ ನಮ್ಮದೇ ತಪ್ಪು ಹೇಳಬೇಕಾಗುತ್ತದೆ. ಕೆಲವು ವರ್ಷದ ಹಿಂದೆ ನಮ್ಮ ಊರಿನ ಕಡವಿನ ಬಗ್ಗೆ ಬರೆದೆವು. ಸೇತುವೆ ಆಗುವ ಮೊದಲು ಹೊಳೆ ದಾಟಿಸುತ್ತಿದ್ದ ದೋಣಿ, ದೋಣಿಯವರು, ಮಳೆಗಾಲದ ನೆರೆ ಎಲ್ಲ ಬರೆದು, ಅದು ಅಚ್ಚಾಗಿ, ನಾಲ್ಕು ಜನ ಹೊಗಳಿ, ನಮಗೆ ಸ್ವಲ್ಪ ಹೆಮ್ಮೆಯೂ ಬಂದಿತ್ತು. ಮರುದಿನ ಚಾ ಹೋಟೆಲಿನಲ್ಲಿ ವೃದ್ಧರೊಬ್ಬರು ಎಲ್ಲರ ಎದುರು ಪೇಪರು ಮಡಚಿ ನಮ್ಮ ಮುಂದೆ ಇಟ್ಟರು. "ಉಸ್ತಾದ್, ಆ ನೆರೆಗೆ ದೋಣಿ ಬಿಟ್ಟು ಹದಿನೇಳು ಜನರನ್ನು ದಾಟಿಸಿದ್ದು ನೀವು ಬರೆದವರು ಅಲ್ಲ. ನನ್ನ ಬಾಪ. ಅವರ ಹೆಸರೇ ಇಲ್ಲವಲ್ಲ ಇದರಲ್ಲಿ" ಎಂದರು. ನಾವು ಒಬ್ಬರಲ್ಲಿ ಕೇಳಿ ಬರೆದದ್ದು, ಇನ್ನೊಬ್ಬರಲ್ಲಿ ಕೇಳಿರಲಿಲ್ಲ. ಆ ಚಾ ಗಂಟಲಲ್ಲಿ ಇಳಿಯಲಿಲ್ಲ.

ಅದಾದ ಮೇಲೆ ಏಳು ತಿಂಗಳು ನಾವು ಒಂದು ಅಕ್ಷರ ಬರೆಯಲಿಲ್ಲ. ಬಿಡುವಿಲ್ಲ ಎಂದು ಎಲ್ಲರಲ್ಲೂ ಹೇಳುತ್ತಿದ್ದೆವು. ನಿಜ ಎಂತ ಎಂದರೆ ನಾಚಿಕೆ. ಎಷ್ಟೋ ಮಂದಿ ಬರೆಯುವುದನ್ನು ನಿಲ್ಲಿಸುವುದು ವಿಷಯ ಮುಗಿದು ಅಲ್ಲ, ಯಾರೋ ನಕ್ಕರು, ಯಾರೋ ತಪ್ಪು ಹಿಡಿದರು, ಸಂಪಾದಕರು ಹಾಕಲಿಲ್ಲ ಎಂದು. ಅದನ್ನು ಹೇಳಲಾಗದೆ 'ವಿಷಯ ಇಲ್ಲ' ಎನ್ನುತ್ತಾರೆ. ಕೊನೆಗೆ ಒಂದು ದಿನ ಧೈರ್ಯ ಮಾಡಿ ಆ ವೃದ್ಧರ ಮನೆಗೆ ಹೋಗಿ ತಪ್ಪಾಯ್ತು ಎಂದೆವು. ಅವರು ಕುರ್ಚಿ ಎಳೆದು ಕೂರಿಸಿ ಎರಡು ಗಂಟೆ ಮಾತಾಡಿದರು. ಅವರ ಬಾಪನ ದೋಣಿ ಯಾವ ಮರದ್ದು, ಹುಟ್ಟು ಹಾಕುವಾಗ ಯಾವ ಹಾಡು, ಹೆರಿಗೆ ನೋವಿನ ಹೆಂಗಸರನ್ನು ನಡುರಾತ್ರಿ ದಾಟಿಸಿದ್ದು, ಕೂಲಿಯ ಬದಲು ಭತ್ತ ಕೊಡುತ್ತಿದ್ದದ್ದು. ಆ ಒಂದು ಭೇಟಿಯಿಂದ ನಮಗೆ ಮೂರು ಲೇಖನ ಸಿಕ್ಕಿತು. ಮೊದಲನೆಯದರಲ್ಲಿ ನಮ್ಮ ತಪ್ಪನ್ನು ತಿದ್ದಿ ಅವರ ಬಾಪನ ಹೆಸರು ಬರೆದೆವು. ತಪ್ಪು ಹಿಡಿಯುವವರು ಬರಹದ ಶತ್ರು ಅಲ್ಲ. ಅವರು ಓದಿದ್ದಾರೆ, ಅವರಿಗೆ ಹೆಚ್ಚು ಗೊತ್ತಿದೆ. ಅವರ ಮನೆಗೆ ಹೋಗಿ.

ನಮ್ಮ ಹೆಣ್ಣುಮಕ್ಕಳು "ನಮಗೆ ಇದೆಲ್ಲ ಆಗುತ್ತದಾ ಉಸ್ತಾದ್, ಮನೆ ಕೆಲಸವೇ ಮುಗಿಯುವುದಿಲ್ಲ" ಎನ್ನುತ್ತಾರೆ. ಸಾರಾ ಅಬೂಬಕ್ಕರ್ ಅವರನ್ನು ನೆನಪಿಸಿಕೊಳ್ಳಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಕಲಿತು, ಸಂಸಾರ ಮಾಡಿ, ಗಂಡುಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ಬರೆಯಲು ಶುರು ಮಾಡಿದವರು. 1980ರ ದಶಕದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಅವರ ಬರಹ ಬಂತು, 'ಚಂದ್ರಗಿರಿಯ ತೀರದಲ್ಲಿ' ಬಂತು. 2023ರ ಜನವರಿಯಲ್ಲಿ ತೀರಿಕೊಳ್ಳುವಾಗ ಹಿಂದೆ ಕಾದಂಬರಿ, ಕತೆ, ಅನುವಾದಗಳ ದೊಡ್ಡ ರಾಶಿ ಇತ್ತು. ಅವರು ಬರೆದ ಎಲ್ಲವನ್ನೂ ಎಲ್ಲರೂ ಒಪ್ಪಬೇಕೆಂದಿಲ್ಲ, ನಮಗೂ ಕೆಲವು ಕಡೆ ಭಿನ್ನಾಭಿಪ್ರಾಯ ಉಂಟು. ಆದರೆ ತಡವಾಗಿ ಹಿಡಿದ ಪೆನ್ನನ್ನು ಅವರು ಕೆಳಗಿಡಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದಾಗ ನಮ್ಮ ಮನೆಗಳಲ್ಲೂ ಅದೇ ಮಾತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಪುಸ್ತಕದಲ್ಲಿ ಇರುವುದು 12 ಕತೆ. ಅವು ಬರೆದದ್ದು 1990ರಿಂದ 2023ರ ತನಕ, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ. ಅವರು ವಕೀಲೆ, ಪತ್ರಕರ್ತೆಯಾಗಿಯೂ ದುಡಿದವರು. ಸುತ್ತಲಿನ ಹೆಂಗಸರ ಬದುಕು, ದಿನನಿತ್ಯ ಕಿವಿಗೆ ಬೀಳುವ ಘಟನೆಗಳೇ ತಮ್ಮ ಕತೆಗಳ ಮೂಲ ಎಂದು ಅವರೇ ಹೇಳಿದ್ದಾರೆ. ಪ್ರಶಸ್ತಿಯ ಫೋಟೊ ಒಂದು ರಾತ್ರಿಯದ್ದು, ಅದರ ಹಿಂದೆ ಯಾರೂ ಫೋಟೊ ತೆಗೆಯದ ಮೂವತ್ತು ವರ್ಷ ಇದೆ. ನಾವೆಲ್ಲ ಪ್ರಶಸ್ತಿಗೆ ಬರೆಯುವವರಲ್ಲ. ಆದರೆ ಮನೆ ಮತ್ತು ಕೆಲಸದ ನಡುವೆ ಬಿಡದೆ ಬರೆಯಲು ಆಗುತ್ತದೆ ಎಂಬುದಕ್ಕೆ ಇವರಿಬ್ಬರಿಗಿಂತ ಬೇರೆ ಸಾಕ್ಷಿ ಬೇಕಾ?

ಮತ್ತೆ ಮಾಮಿಯ ಜಗಲಿಗೆ ಬರೋಣ. ಅವರ ಗಂಡ ಸೌದಿಯಿಂದ ಊರಿಗೆ ಬಂದು ನೆಲೆಸಿದ ಮೇಲೆ ಕಾಗದ ನಿಂತಿತು. ನಾವು ಕಲಿಯಲು ಹೊರಗೆ ಹೋದೆವು. ಕಳೆದ ವರ್ಷ ಅವರು ತೀರಿಕೊಂಡರು. ನಲವತ್ತು ದಿನ ಕಳೆದ ಮೇಲೆ ಮಾಮಿ ಹೇಳಿಕಳುಹಿಸಿದರು. ಹೋದರೆ ಒಂದು ಹಳೆಯ ಸೂಟ್‌ಕೇಸು ತೆರೆದಿಟ್ಟಿದ್ದರು. ಅದರಲ್ಲಿ ಕಾಗದಗಳು. ನಾವು ಬರೆದ ಅಷ್ಟೂ ಕಾಗದ, ವರ್ಷ ವರ್ಷಕ್ಕೆ ಬೇರೆ ಕಟ್ಟು ಮಾಡಿ ರಬ್ಬರು ಹಾಕಿ ಅವರು ಅಲ್ಲಿಂದ ತಂದಿದ್ದರು. ಗಂಡ ಬದುಕಿರುವ ತನಕ ಮಾಮಿಗೆ ಅದು ಇರುವುದೇ ಗೊತ್ತಿರಲಿಲ್ಲ. "ನನಗೆ ಓದಲು ಬರುವುದಿಲ್ಲವಲ್ಲ ಮೋನೇ. ಓದು" ಎಂದರು. ಈಗಲೂ ಅವರಿಗೆ ನಾವು ಮೋನೆಯೇ.

ಒಂದು ಕಾಗದ ತೆಗೆದು ಓದಿದೆವು. ನಮ್ಮದೇ ಹನ್ನೆರಡು ವರ್ಷದ ಅಕ್ಷರ, ತಪ್ಪು ಒತ್ತಕ್ಷರ. ಬಾವಿ ನೀರು ತಳ ಕಂಡದ್ದು, ಹಗ್ಗ ತುಂಡಾದದ್ದು, ಕೊಡಪಾನ ಬಿದ್ದದ್ದು. ಮಾಮಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮಧ್ಯದಲ್ಲಿ ನಕ್ಕರು. ಬಾವಿಗೆ ಇಳಿದ ಮೈದುನ ಈಗ ಇಲ್ಲ. ಆ ಬಾವಿಯೂ ಇಲ್ಲ, ರಸ್ತೆ ಅಗಲ ಮಾಡುವಾಗ ಮುಚ್ಚಿದರು. ಕಾಗದದಲ್ಲಿ ಮಾತ್ರ ಹಗ್ಗ ಇನ್ನೂ ತುಂಡಾಗುತ್ತಿತ್ತು, ಅವರು ಇನ್ನೂ ಇಳಿಯುತ್ತಿದ್ದರು. ಅಂದು 'ಬೇರೆ ಎಂತ ಉಂಟು' ಎಂದು ಮಾಮಿ ಹೇಳಿದ್ದಕ್ಕೆ ನಾವು ಒಂದೇ ಗೆರೆ ಬರೆದು ಎದ್ದಿದ್ದರೆ ಆ ಸೂಟ್‌ಕೇಸಿನಲ್ಲಿ ಇರುತ್ತಿದ್ದದ್ದು 'ಇಲ್ಲಿ ಎಲ್ಲ ಕ್ಷೇಮ' ಎಂಬ ಇನ್ನೂರು ಗೆರೆ. ಈಗ ಪ್ರತಿ ಶುಕ್ರವಾರ ಅಸರ್ ನಂತರ ಹೋಗಿ ಒಂದೊಂದು ಕಾಗದ ಓದುತ್ತಿದ್ದೇವೆ. ಮೊದಲಿನ ಒಂದು ವರ್ಷದ ಕಟ್ಟು ಇನ್ನೂ ಮುಗಿದಿಲ್ಲ.

ಈ ಕತೆಯನ್ನು ಆ ಪಿಯುಸಿ ಹುಡುಗಿಗೂ ಹೇಳಿದೆವು. ಅಜ್ಜಿ ಇದ್ದಾರಾ ಎಂದು ಕೇಳಿದೆವು. ಇದ್ದಾರೆ, ಕಿವಿ ಸ್ವಲ್ಪ ಮಂದ ಎಂದಳು. ಹಾಗಾದರೆ ಜೋರಾಗಿ ಒಂದೇ ಒಂದು ಪ್ರಶ್ನೆ ಕೇಳು, ಉತ್ತರವನ್ನು ಅವರು ಹೇಳಿದ ಹಾಗೆಯೇ ಬರೆ, ಗುರುವಾರ ತಂದು ಕೊಡು ಎಂದೆವು. ಗುರುವಾರ ಬರಲಿಲ್ಲ. ಬಿಟ್ಟಳು ಎಂದುಕೊಂಡೆವು. ಶನಿವಾರ ಅವಳ ತಮ್ಮ ಮದ್ರಸದಲ್ಲಿ ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆ ಕೊಟ್ಟ. ಹನ್ನೊಂದು ಗೆರೆ ಇತ್ತು. ಅಜ್ಜಿ ಬೀಡಿ ಕಟ್ಟಿ ಮೊದಲ ಸಲ ಕೈಗೆ ಬಂದ ಹಣದಲ್ಲಿ ಎಂತ ತಂದರು ಎಂಬ ಬಗ್ಗೆ. ಅಜ್ಜಿ ತಂದದ್ದು ಒಂದು ಕನ್ನಡಿಯಂತೆ. ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: "ಕನ್ನಡಿ ಯಾಕೆ ಅಂತ ಕೇಳಲಿಕ್ಕೆ ಮರೆತೆ ಉಸ್ತಾದ್. ಮುಂದಿನ ವಾರ ಕೇಳುತ್ತೇನೆ."